ಪಕ್ಕದ ಕುರ್ಚಿ

ನಮ್ಮಣ್ಣನಿಗೆ ಆ ಬಾಟಲಿ ಕಾರ್ಖಾನೆಯಲ್ಲಿ ಕೆಲಸವೇ ಇರಲಿಲ್ಲ ಎಂದು ಬಾಯಿಬಿಟ್ಟರೆ ಅತ್ತಿಗೆ ಇವತ್ತಿಗೂ ನನ್ನ ಮೇಲೆ ಹರಿಹಾಯುತ್ತಾಳೆ. ಅವಳ ಪ್ರಕಾರ ಅವನು ದೊಡ್ಡ ಹುದ್ದೆಯಲ್ಲಿದ್ದ. ಸಾಹೇಬರ ಕೋಣೆಯಲ್ಲಿ, ಸಾಹೇಬರ ಪಕ್ಕದಲ್ಲಿ, ಮೆತ್ತನೆಯ ಕುರ್ಚಿಯಲ್ಲಿ ಕೂರುತ್ತಿದ್ದ. ಹೌದು ತಾಯಿ, ಕೂರುತ್ತಿದ್ದ, ನಾನೇನು ಇಲ್ಲ ಅನ್ನುತ್ತಿಲ್ಲ. ಕೂರುವುದನ್ನು ಬಿಟ್ಟು ಮತ್ತೇನು ಮಾಡುತ್ತಿದ್ದ ಎಂದು ಕೇಳಿದರೆ ಮಾತ್ರ ಅವಳಿಗೆ ಒಲೆಯ ಮೇಲಿಟ್ಟ ಹಾಲು ನೆನಪಾಗಿಬಿಡುತ್ತದೆ.

ನಾನು ದರ್ಜಿ. ಕಾರ್ಖಾನೆಯ ಗೇಟಿನ ಎದುರಿನ ಸಾಲಿನಲ್ಲೇ ನನ್ನ ಅಂಗಡಿ. ಒಂದು ಹೊಲಿಗೆ ಮಿಷನ್ನು, ಬಟ್ಟೆ ಕತ್ತರಿಸುವ ಮೇಜು, ಗಿರಾಕಿಗಳಿಗೆ ಒಂದು ಬೆಂಚು. ಕಾರ್ಮಿಕರ ನೀಲಿ ಅಂಗಿಗಳನ್ನೆಲ್ಲ ಹೊಲಿಯುವವಳು ನಾನೇ, ಹಾಗಾಗಿ ಅಳತೆ ಹಿಡಿಯಲು ಕಾರ್ಖಾನೆಯೊಳಗೆ ಹೋಗಿಬರುವುದು ಮೊದಲಿನಿಂದಲೂ ರೂಢಿ. ನನ್ನ ಬಾಯಿ ಸ್ವಲ್ಪ ಜೋರು. ದಿನವಿಡೀ ಮಿಷನ್ನಿನ ಸದ್ದಿನ ಮೇಲೆ ಮಾತಾಡಿ ಹಾಗಾಗಿದೆ, ಯಾರೂ ಬೇಜಾರು ಮಾಡಿಕೊಳ್ಳಬೇಡಿ. ಮನೆಯ ಮಾತೆಲ್ಲ ಇವಳ ಪಾಲಿಗೇ ಬಂತು, ದೊಡ್ಡವನಿಗೆ ಒಂದು ಹಿಡಿಯೂ ಉಳಿಯಲಿಲ್ಲ ಎಂದು ಅಮ್ಮ ನಗುತ್ತಿದ್ದಳು.

ಕಾರ್ಖಾನೆ ಹೊರದೇಶದ ಕಂಪನಿಯದು. ಮರಳು, ಸೋಡಾ ಪುಡಿ, ಒಡೆದ ಗಾಜಿನ ಚೂರು ಎಲ್ಲವನ್ನೂ ಕುಲುಮೆಗೆ ಸುರಿದು ಕರಗಿಸುತ್ತಾರೆ. ಕರಗಿದ ಗಾಜು ಕೆಂಪು ಉಂಡೆಯಾಗಿ ಮೇಲಿನಿಂದ ಬಿದ್ದು, ಕಬ್ಬಿಣದ ಅಚ್ಚಿನೊಳಗೆ ಇಳಿದು, ಗಾಳಿ ತುಂಬಿಸಿಕೊಂಡು ಬಾಟಲಿಯಾಗಿ ಹೊರಬರುತ್ತದೆ. ಅಣ್ಣ ಆ ಅಚ್ಚಿನ ಸಾಲಿನವನು. ಅಚ್ಚು ಬಾಯಿ ತೆರೆದ ಆ ಒಂದು ಚಿಟಿಕೆ ಹೊತ್ತಿನಲ್ಲಿ ಎಣ್ಣೆಯ ಬ್ರಷ್ಷನ್ನು ಒಳಗಾಡಿಸಿ ಕೈ ಹಿಂದೆಗೆದುಕೊಳ್ಳಬೇಕು. ಎಣ್ಣೆ ಹೆಚ್ಚಾದರೆ ಬಾಟಲಿಗೆ ಮಸಿ, ಕಡಿಮೆಯಾದರೆ ಗಾಜು ಅಚ್ಚಿಗೇ ಅಂಟಿ ಕೂರುತ್ತದೆ, ತಡವಾದರೆ ಕೈಯೇ ಇಲ್ಲ. ಅವನು ಅದನ್ನು ಮಗುವಿನ ಮೂಗು ಒರೆಸಿದಷ್ಟು ಸಲೀಸಾಗಿ ಮಾಡುತ್ತಿದ್ದ. ಸಂಜೆ ಗೇಟಿನಿಂದ ಹೊರಬರುವಾಗ ಅವನ ಸುತ್ತ ಜನ, ನಗು, ಹೆಗಲ ಮೇಲೆ ಯಾರದೋ ಕೈ. ಮಾತು ಕಡಿಮೆ ಅನ್ನುವುದು ಬಿಟ್ಟರೆ ಅಣ್ಣ ಆಗ ಒಂಟಿ ಮನುಷ್ಯನಾಗಿರಲಿಲ್ಲ.

ಆ ಅಚ್ಚಿನ ಸಾಲಿನಲ್ಲಿ ಕೆಲಸ ಕಲಿಯುವುದಕ್ಕೆ ಒಂದು ರೀತಿಯಿತ್ತು. ಹೊಸಬ ಬಂದರೆ ಹಳಬನ ಎಡಗಡೆ ನಿಲ್ಲಬೇಕು, ಅಷ್ಟೇ. ಏನನ್ನೂ ಕೇಳುವ ಹಾಗಿಲ್ಲ. ಇದು ಯಾಕೆ, ಅದು ಹೇಗೆ ಎಂದು ಬಾಯಿಬಿಟ್ಟರೆ, ನಿನ್ನ ಜಾಗ ನನಗೆ ಬಿಡು ಎಂದು ಮುಖಕ್ಕೇ ಹೇಳಿದ ಹಾಗೆ. ತಿಂಗಳುಗಟ್ಟಲೆ ನಿಂತು ನೋಡಬೇಕು. ಒಂದು ದಿನ ಹಳಬ ಏನೂ ಹೇಳದೆ ಬ್ರಷ್ಷನ್ನು ಹೊಸಬನ ಕೈಗಿಟ್ಟು ಹಿಂದೆ ಸರಿಯುತ್ತಾನೆ. ಅದೇ ಪಾಠ, ಅದೇ ಪರೀಕ್ಷೆ, ಅದೇ ಸರ್ಟಿಫಿಕೇಟು. ನಾನು ಹೊಲಿಗೆ ಕಲಿತದ್ದೂ ಹಾಗೆಯೇ. ಸೋದರತ್ತೆಯ ಮಿಷನ್ನಿನ ಪಕ್ಕ ಗುಂಡಿ ಹಚ್ಚುತ್ತ ಕೂತಿದ್ದೆ. ಒಂದು ಮಧ್ಯಾಹ್ನ ಅವಳು ಸೊಂಟ ಹಿಡಿದುಕೊಂಡು ಎದ್ದು, ಕೂತ್ಕೋ ಎಂದಳು, ಕೂತೆ. ನನ್ನಂಥ ಬಾಯಿಬಡುಕಿಯೇ ಅಷ್ಟು ಕಾಲ ಬಾಯಿಗೆ ಬೀಗ ಹಾಕಿಕೊಂಡಿದ್ದೆ ಅಂದಮೇಲೆ ಅಣ್ಣನ ವಿಷಯ ಹೇಳಬೇಕಾಗಿಯೇ ಇಲ್ಲ.

ಇನ್ನು ಸರ್ಕಾರದ ನಿಯಮದ ಮಾತು. ಕಂಪನಿ ಹೊರದೇಶದಿಂದ ಒಬ್ಬ ತಜ್ಞನನ್ನು ಕರೆತಂದರೆ ಅವನ ಪಕ್ಕದಲ್ಲಿ ನಮ್ಮವನೊಬ್ಬನನ್ನು ಕೂರಿಸಬೇಕು. ನಮ್ಮವನು ಆ ಕೆಲಸ ಕಲಿಯಬೇಕು. ಗೊತ್ತುಮಾಡಿದ ಅವಧಿ ಮುಗಿದ ಮೇಲೆ ಹೊರಗಿನವನು ಗಂಟುಮೂಟೆ ಕಟ್ಟಬೇಕು, ನಮ್ಮವನು ಆ ಹುದ್ದೆಗೆ ಬರಬೇಕು. ನಿಯಮ ಮಾಡಿದ ಪುಣ್ಯಾತ್ಮರಿಗೆ ಒಳ್ಳೆಯದಾಗಲಿ, ಅವರ ಮನಸ್ಸೇನೋ ಚೆನ್ನಾಗಿತ್ತು. ಪಕ್ಕದಲ್ಲಿ ಕೂತವನಿಗೆ ನಿಜವಾಗಿ ಕಲಿಸಿದರೋ ಇಲ್ಲವೋ ಎಂದು ನೋಡುವವರು ಯಾರು ಎಂಬುದನ್ನು ಬರೆಯಲು ಮಾತ್ರ ಮರೆತುಬಿಟ್ಟರು.

ಇಂಥ ಸಂದುಗಳನ್ನು ಹುಡುಕುವುದಕ್ಕೆಂದೇ ಕಂಪನಿ ನಮ್ಮವನೇ ಆದ ಒಬ್ಬ ಮ್ಯಾನೇಜರನ್ನು ಇಟ್ಟುಕೊಂಡಿತ್ತು. ಜನರನ್ನು ಸೇರಿಸಿಕೊಳ್ಳುವುದು, ಬಿಡಿಸುವುದು, ಕಾರ್ಮಿಕ ಇಲಾಖೆಯವರು ಬಂದರೆ ಕೂರಿಸಿ ಸಮಾಧಾನ ಮಾಡಿ ಕಳಿಸುವುದು ಅವನ ಕೆಲಸ. ಮಾತು ಎಷ್ಟು ನುಣುಪೆಂದರೆ ಕಾರ್ಖಾನೆಯವರೆಲ್ಲ ಅವನನ್ನು ಬೆಣ್ಣೆ ಎಂದೇ ಕರೆಯುತ್ತಿದ್ದರು. ಕುಲುಮೆಯನ್ನು ನೋಡಿಕೊಳ್ಳಲು ಹೊರದೇಶದಿಂದ ಬಂದಿದ್ದ ತಜ್ಞನಿಗೆ ಎಲ್ಲರೂ ಇಟ್ಟ ಹೆಸರು ಬೆಂಕಿ ಸಾಹೇಬ. ಈ ಬೆಂಕಿ ಸಾಹೇಬನ ಪಕ್ಕಕ್ಕೆ ಒಬ್ಬ ಬೇಕಾದಾಗ ಬೆಣ್ಣೆ ಇಡೀ ಕಾರ್ಖಾನೆಯನ್ನು ಒಂದು ಸುತ್ತು ಹಾಕಿ ಬಂದು ನಮ್ಮಣ್ಣನ ಹೆಗಲ ಮೇಲೆ ಕೈಯಿಟ್ಟ. ಓದಿದ ಹುಡುಗರು, ಚುರುಕು ಬಾಯಿಯವರು ಬೇಕಾದಷ್ಟು ಜನ ಇದ್ದರು. ಅವರನ್ನೆಲ್ಲ ಬಿಟ್ಟು ಇವನನ್ನೇ ಯಾಕೆ ಆರಿಸಿದ ಎಂದು ನಾವ್ಯಾರೂ ಯೋಚಿಸಲಿಲ್ಲ. ಕೆಲಸಗಾರ ಅಂದರೆ ಇವನು, ಅದಕ್ಕೇ ಕರೆದಿದ್ದಾರೆ ಎಂದುಕೊಂಡು ಹಿಗ್ಗಿ ಹೀರೇಕಾಯಿಯಾದೆವು.

ಆ ಸಂಜೆ ಅಣ್ಣ ನನ್ನ ಅಂಗಡಿಗೆ ಬಂದು ಬೆಂಚಿನ ಮೇಲೆ ಕೂತ. ಬಿಳಿ ಅಂಗಿ ಹೊಲಿದುಕೊಡು, ಇನ್ನು ಮೇಲೆ ನೀಲಿ ಹಾಕುವ ಹಾಗಿಲ್ಲವಂತೆ ಎಂದ. ನಾನು ಗೇಲಿ ಮಾಡಿದೆ, ಸಾಹೇಬರಾಗಿಬಿಟ್ಟಿರಿ, ನಮ್ಮಂಥವರ ಕೈಯಲ್ಲಿ ಹೊಲಿಸಿಕೊಂಡರೆ ಮರ್ಯಾದೆ ಕಡಿಮೆಯಾಗುವುದಿಲ್ಲವೇ ಎಂದೆ. ಅವನು ನಗಲಿಲ್ಲ.

"ಕುಲುಮೆ ನಮ್ಮವರ ಕೈಗೆ ಯಾವತ್ತೂ ಬಂದಿಲ್ಲ ಕಣೇ," ಎಂದ. "ಬೆಂಕಿ ಎಷ್ಟಿರಬೇಕು, ಯಾವಾಗ ಏರಿಸಬೇಕು, ಯಾವಾಗ ಇಳಿಸಬೇಕು, ಎಲ್ಲ ಅವರೇ. ನಾವು ಕೆಳಗೆ ನಿಂತು ಬಿದ್ದದ್ದನ್ನ ಹಿಡೀತೀವಿ, ಅಷ್ಟೇ. ಒಂದಿನ ಅದನ್ನ ನಾನೇ ನಡೆಸ್ತೀನಿ."

ಅವನು ಅಷ್ಟುದ್ದ ಮಾತಾಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಅವನಿಗೆ ಬೇಕಾಗಿದ್ದದ್ದು ಅದೊಂದೇ, ಸಂಬಳವೂ ಅಲ್ಲ, ಬಿಳಿ ಅಂಗಿಯೂ ಅಲ್ಲ. ನೌಕರಿಯಿಂದ ನಿವೃತ್ತನಾಗುವುದರೊಳಗೆ ಆ ಬೆಂಕಿಯನ್ನು ತಾನೇ ನಡೆಸಬೇಕು ಎಂಬುದು ಅವನ ಜೀವಮಾನದ ಆಸೆಯಾಗಿತ್ತು.

ಕುಲುಮೆಯ ಪಕ್ಕದ ಕಬ್ಬಿಣದ ಮೆಟ್ಟಿಲು ಹತ್ತಿದರೆ ಗಾಜಿನ ಗೋಡೆಯ ಒಂದು ಕೋಣೆ. ಅದರಲ್ಲಿ ಎರಡು ಮೇಜು. ಸಾಹೇಬನ ಮೇಜಿನ ಮೇಲೆ ಪರದೆಗಳು, ಫೋನು, ಕಡತಗಳು, ಟೀ ಕಪ್ಪಿನ ತಳ ಒತ್ತಿದ ಕಂದು ಬಳೆಗಳು. ಅಣ್ಣನ ಮೇಜಿನ ಮೇಲೆ ಏನೂ ಇಲ್ಲ. ಬೆಳಿಗ್ಗೆ ಸಾಹೇಬ ಬಂದು ತಲೆಯಾಡಿಸುತ್ತಿದ್ದ, ಇವನೂ ತಲೆಯಾಡಿಸುತ್ತಿದ್ದ. ಆಮೇಲೆ ಸಾಹೇಬ ಪರದೆಯ ಅಂಕಿಗಳನ್ನು ನೋಡುತ್ತ ತನ್ನ ಭಾಷೆಯಲ್ಲಿ ಫೋನಿನಲ್ಲಿ ಮಾತಾಡುತ್ತಿದ್ದ, ಯಾವುದೋ ಗುಂಡಿ ಒತ್ತುತ್ತಿದ್ದ, ಮತ್ತೆ ನೋಡುತ್ತಿದ್ದ. ಕುಲುಮೆಯ ಕಿಂಡಿಯಲ್ಲಿ ಇಣುಕಲು ಹೊರಟರೆ ಅಣ್ಣನೂ ಎದ್ದು ಹಿಂದೆಯೇ ಹೋಗುತ್ತಿದ್ದ. ಎಡಗಡೆ ನಿಲ್ಲುತ್ತಿದ್ದ. ಸಾಹೇಬ ವಾಪಸು ಬಂದರೆ ಇವನೂ ವಾಪಸು.

ಅಣ್ಣ ತನಗೆ ಗೊತ್ತಿದ್ದ ಒಂದೇ ರೀತಿಯಲ್ಲಿ ಕಲಿಯತೊಡಗಿದ್ದ. ಬಾಯಿ ಮುಚ್ಚಿಕೊಂಡು ನೋಡಿದ. ಒಂದು ದಿನ ಸಾಹೇಬ ತಾನಾಗಿಯೇ ಜಾಗ ಬಿಟ್ಟುಕೊಟ್ಟು ಹಿಂದೆ ಸರಿಯುತ್ತಾನೆ ಎಂದು ಕಾದ. ಆದರೆ ಕುಲುಮೆ ಕೈಕೆಲಸವಲ್ಲವಲ್ಲ. ಕಣ್ಣಿಗೆ ಕಾಣುವುದು ಅದರಲ್ಲಿ ಸ್ವಲ್ಪ, ತಲೆಯೊಳಗೆ ಲೆಕ್ಕ ಹಾಕುವುದೇ ಹೆಚ್ಚು. ಸಾಹೇಬನ ತಲೆಯೊಳಗೆ ಏನು ನಡೆಯುತ್ತಿದೆ ಎಂಬುದು ಪಕ್ಕದಲ್ಲಿ ಎಷ್ಟು ವರ್ಷ ಕೂತರೂ ಕಾಣುವಂಥದ್ದಲ್ಲ.

ಇತ್ತ ಕೆಳಗಿನ ಗೆಳೆಯರೂ ಕೈಬಿಟ್ಟರು. ಬಿಳಿ ಅಂಗಿ ಹಾಕಿಕೊಂಡು ಅವರ ಬೆಂಚಿಗೆ ಊಟಕ್ಕೆ ಹೋದರೆ ಮಾತು ನಿಂತುಬಿಡುತ್ತಿತ್ತು. ಮೇಲಿನವರಿಗೆ ಚಾಡಿ ಹೇಳುತ್ತಾನೋ ಏನೋ ಎಂಬ ಅನುಮಾನ. ಯಾರೋ ಒಬ್ಬ ತರಲೆ ಅವನಿಗೆ ಸ್ಟೆಪ್ನಿ ಎಂದು ಹೆಸರಿಟ್ಟ. ಗಾಡಿಯ ಜೊತೆ ಊರೆಲ್ಲ ತಿರುಗುತ್ತದೆ, ನೆಲಕ್ಕೆ ಮಾತ್ರ ಇಳಿಯುವುದಿಲ್ಲ, ಡಿಕ್ಕಿಯಲ್ಲೇ ಮಲಗಿರುತ್ತದೆ ಎಂದು ವಿವರಣೆ ಬೇರೆ. ಆ ಹೆಸರು ಗೇಟು ದಾಟಿ ನನ್ನ ಅಂಗಡಿಯವರೆಗೂ ಬಂತು. ನನ್ನೆದುರು ಹಾಗೆಂದ ಒಬ್ಬನ ಪ್ಯಾಂಟಿನ ಸೊಂಟವನ್ನು ಎರಡು ಬೆರಳು ಬಿಗಿಯಾಗಿ ಹೊಲಿದು ಕಳಿಸಿದೆ. ಕೂತಾಗಲೆಲ್ಲ ನನ್ನ ನೆನಪಾಗಲಿ ಎಂದು.

ಮೇಲಿನವರಂತೂ ಇವನನ್ನು ಸೇರಿಸಿಕೊಂಡವರೇ ಅಲ್ಲ. ಹೊರದೇಶದವರ ಊಟದ ಕೋಣೆ ಬೇರೆ. ಬೆಂಕಿ ಸಾಹೇಬ ಮಧ್ಯಾಹ್ನ ಅಲ್ಲಿಗೆ ಹೋದರೆ ಅಣ್ಣ ತನ್ನ ಖಾಲಿ ಮೇಜಿನ ಮೇಲೆ ಡಬ್ಬಿ ಬಿಚ್ಚಿಕೊಂಡು ಒಬ್ಬನೇ ಉಣ್ಣುತ್ತಿದ್ದ. ಮನೆಗೆ ಬಂದು ಇದನ್ನು ಹೇಳಿಕೊಳ್ಳೋಣವೆಂದರೆ ಅಲ್ಲಿ ಅತ್ತಿಗೆ. ಕೆಟ್ಟವಳಲ್ಲ ಅವಳು, ಗಂಡನ ಏಳಿಗೆ ಕಂಡು ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ, ಅಷ್ಟೇ. ಬೀದಿಯ ಹೆಂಗಸರಿಗೆಲ್ಲ ನಮ್ಮವರು ಸಾಹೇಬರ ಬಲಗೈ ಎಂದು ಹೇಳಿಕೊಂಡು ಬಂದಿದ್ದಳು. ಹೇಳಿದ ಮೇಲೆ ಅವನು ಬಲಗೈಯಾಗಿಯೇ ಇರಬೇಕಾಯಿತು. ಇವತ್ತೇನು ಕೆಲಸ ಇತ್ತು ಎಂದು ಅವಳು ಕೇಳಿದರೆ, ತುಂಬ ಇತ್ತು ಎನ್ನುತ್ತಿದ್ದ.

ಅವಧಿ ಮುಗಿಯುತ್ತ ಬಂತು. ಇನ್ನು ಸಾಹೇಬ ಊರಿಗೆ, ಅಣ್ಣ ಹುದ್ದೆಗೆ ಎಂದು ನಾವು ಕಾಯುತ್ತಿದ್ದರೆ ಬೆಣ್ಣೆ ಒಬ್ಬ ಪೇಂಟರನ್ನು ಕರೆದುಕೊಂಡು ಕಬ್ಬಿಣದ ಮೆಟ್ಟಿಲು ಹತ್ತಿದ. ಕೋಣೆಯ ಬಾಗಿಲ ಮೇಲೆ ಕುಲುಮೆ ತಜ್ಞ ಎಂದಿದ್ದದ್ದನ್ನು ಅಳಿಸಿ ಶಾಖ ಸಲಹೆಗಾರ ಎಂದು ಬರೆಸಿದ. ಅದೇ ಕೋಣೆ, ಅದೇ ಸಾಹೇಬ, ಅದೇ ಕುಲುಮೆ. ಆದರೆ ಹೊಸ ಹುದ್ದೆ! ಹೊಸ ಹುದ್ದೆಯೆಂದ ಮೇಲೆ ಕಲಿಕೆಯೂ ಮೊದಲಿನಿಂದ ಶುರುವಾಗಬೇಕಲ್ಲ. ನಮ್ಮಣ್ಣ ಮತ್ತೆ ಒಂದನೇ ಕ್ಲಾಸು. ಆ ಅವಧಿಯೂ ಮುಗಿದಾಗ ಪೇಂಟರು ಮತ್ತೆ ಬಂದ, ಈ ಸಲ ದ್ರವಗಾಜು ಸಂಯೋಜಕ ಎಂದು ಬರೆದ. ಇಲಾಖೆಯವರು ಬಂದರು, ಬಾಗಿಲ ಮೇಲಿನದನ್ನು ಓದಿದರು, ಪಕ್ಕದ ಕುರ್ಚಿಯಲ್ಲಿ ನಮ್ಮವನೊಬ್ಬ ಕೂತಿದ್ದಾನೆಂದು ಕಂಡರು, ಟೀ ಕುಡಿದರು, ಹೋದರು. ಇದನ್ನು ಕೇಳಿ ನನಗೆ ಮೈಯೆಲ್ಲ ಉರಿದುಹೋಯಿತು. ನಾನು ತೋಳಿಲ್ಲದ ಅಂಗಿ ಹೊಲಿದು ಇದರ ಹೆಸರು ತೋಳಿನ ಅಂಗಿ ಎಂದರೆ ಗಿರಾಕಿ ಸುಮ್ಮನೆ ಬಿಡುತ್ತಾನೆಯೇ?

ಒಮ್ಮೆ ಕಾರ್ಮಿಕರ ಅಳತೆ ಹಿಡಿಯಲು ಹೋದಾಗ ಅಣ್ಣನನ್ನೂ ನೋಡಿಬರೋಣವೆಂದು ಮೇಲೆ ಹತ್ತಿದೆ. ಸಾಹೇಬ ಎಲ್ಲೋ ಸಭೆಗೆ ಹೋಗಿದ್ದ. ಗಾಜಿನ ಗೋಡೆಯಾಚೆಯಿಂದಲೇ ಅಣ್ಣ ಕಂಡ. ಎರಡೂ ಕೈಗಳನ್ನು ಮೇಜಿನ ಮೇಲೆ ಅಂಗಾತ ಇಟ್ಟುಕೊಂಡು ಅವುಗಳನ್ನೇ ನೋಡುತ್ತ ಕೂತಿದ್ದ. ಓದುತ್ತಿರಲಿಲ್ಲ, ಬರೆಯುತ್ತಿರಲಿಲ್ಲ, ನಿದ್ದೆಯೂ ಮಾಡುತ್ತಿರಲಿಲ್ಲ. ಒಳಗೆ ಹೋದೆ. ನನ್ನ ಕೊರಳಲ್ಲಿದ್ದ ಟೇಪನ್ನು ಕಂಡದ್ದೇ ಎದ್ದು ನಿಂತು, ನಂದೂ ತಗೋ ಎಂದ. ನಿನ್ನ ಅಳತೆ ನನಗೆ ಬಾಯಿಪಾಠ, ಅಲ್ಲದೆ ನಿನಗೆ ಯೂನಿಫಾರಂ ಇಲ್ಲವಲ್ಲ ಎಂದೆ. ಇರಲಿ ತಗೋ ಎಂದು ತೋಳು ಚಾಚಿ ನಿಂತ. ಹೆಗಲು, ಎದೆ, ತೋಳು, ಎಲ್ಲ ಅಳೆದೆ. ಮುಗಿದ ಮೇಲೂ ಅವನು ತೋಳು ಇಳಿಸಲಿಲ್ಲ, ಇನ್ನೊಂದು ಸಲ ಅಳೆದೆ. ಆಗ ನನಗೆ ತಿಳಿಯಿತು, ಇವನನ್ನು ಯಾರಾದರೂ ಮುಟ್ಟಿ ಮಾತಾಡಿಸಿ ಎಷ್ಟು ಕಾಲವಾಗಿತ್ತೋ ಎಂದು.

ಬೆಂಕಿ ಸಾಹೇಬ ರಾಕ್ಷಸನೇನಲ್ಲ. ಅದನ್ನೂ ಹೇಳಬೇಕು, ಇಲ್ಲದಿದ್ದರೆ ಅಣ್ಣನಿಗೆ ನೋವಾಗುತ್ತದೆ. ಅಣ್ಣ ಕೆಮ್ಮಿದರೆ ಎದ್ದು ಕಿಟಕಿ ಮುಚ್ಚುತ್ತಿದ್ದ. ಬಿಸ್ಕತ್ತಿನ ಪೊಟ್ಟಣ ಬಿಚ್ಚಿದರೆ ಮೊದಲು ಇವನ ಮೇಜಿಗೆ ಸರಿಸುತ್ತಿದ್ದ. ಇವನ ಬಾಯಿಂದ ಅಷ್ಟಿಷ್ಟು ನಮ್ಮ ಮಾತು ಕಲಿತಿದ್ದ, ವಸ್ತು ತೋರಿಸಿ ಹುಬ್ಬೇರಿಸಿದರೆ ಅಣ್ಣ ಹೆಸರು ಹೇಳುತ್ತಿದ್ದ. ನೋಡಿ, ಅವನು ಹುಬ್ಬೇರಿಸಿ ಕೇಳಿ ಕೇಳಿ ಕಲಿತ. ಅಣ್ಣ ಕೇಳದೆ ಕೂತ. ಇಬ್ಬರೂ ಒಂದೇ ಗಾಜಿನ ಡಬ್ಬಿಯೊಳಗೆ ಅಷ್ಟು ವರ್ಷ ಇದ್ದರೂ ಒಬ್ಬನಿಗೆ ಇನ್ನೊಬ್ಬನ ರೀತಿ ಗೊತ್ತಾಗಲಿಲ್ಲ.

ಮೂರನೆಯ ಅವಧಿ ಮುಗಿಯುವ ಹೊತ್ತಿಗೆ ಅಣ್ಣನ ಕಿವಿಯ ಮೇಲಿನ ಕೂದಲೆಲ್ಲ ಬೆಳ್ಳಗಾಗಿತ್ತು. ಇದೂ ತಪ್ಪಿದರೆ ಇನ್ನೊಂದು ಅವಧಿ ಮುಗಿಯುವುದರೊಳಗೆ ನಿವೃತ್ತಿ. ಕುಲುಮೆಯ ಆಸೆಯನ್ನು ಕಟ್ಟಿ ಅಟ್ಟಕ್ಕೆ ಹಾಕಬೇಕು, ಅಷ್ಟೇ. ಅದೇ ಹೊತ್ತಿಗೆ ಇಲಾಖೆಗೆ ಹೊಸ ಅಧಿಕಾರಿಣಿಯೊಬ್ಬರು ಬಂದರು. ಟೀ ಕುಡಿಯದ ಹೆಂಗಸು ಎಂದು ಬರುವ ಮೊದಲೇ ಸುದ್ದಿ ಬಂತು. ಬಾಗಿಲ ಮೇಲೆ ಏನು ಬೇಕಾದರೂ ಬರೆದುಕೊಳ್ಳಿ, ನಾನೇ ಬಂದು ಆ ಕೋಣೆಯ ಇಬ್ಬರನ್ನೂ ಎದುರುಬದುರು ಕೂರಿಸಿ ವಿಚಾರಿಸುತ್ತೇನೆ ಎಂದು ಕಂಪನಿಗೆ ಹೇಳಿ ಕಳಿಸಿದ್ದರು.

ಬೆಣ್ಣೆ ಮೊಟ್ಟಮೊದಲ ಬಾರಿಗೆ ಅಣ್ಣನ ಮನೆಗೆ ಬಂದ. ಅತ್ತಿಗೆ ಹೊಸ ಚಾದರ ಹಾಸಿ ಕೂರಿಸಿದಳಂತೆ. ಅವನು ಮನೆಯನ್ನು ಹೊಗಳಿದ, ಗೋಡೆಯ ಬಣ್ಣವನ್ನು ಹೊಗಳಿದ, ಕೊನೆಗೆ ವಿಷಯಕ್ಕೆ ಬಂದ. ಮೇಡಂ ಕೇಳಿದರೆ, ಕಲಿಯುತ್ತಿದ್ದೇನೆ, ಇನ್ನೂ ಸ್ವಲ್ಪ ಕಾಲ ಬೇಕು ಎಂದರಾಯಿತು. ಕಂಪನಿಗೂ ತೊಂದರೆಯಿಲ್ಲ, ನಿಮ್ಮ ಕುರ್ಚಿಗೂ ತೊಂದರೆಯಿಲ್ಲ. ಅದು ಬಿಟ್ಟು ಕಲಿಸಲೇ ಇಲ್ಲ ಎಂದರೆ, ಇಷ್ಟು ವರ್ಷ ಸುಮ್ಮನೆ ಕೂತು ಸಂಬಳ ತಿಂದೆಯಾ ಎಂದು ಮೊದಲು ನಿಮ್ಮನ್ನೇ ಕೇಳುತ್ತಾರೆ, ಯೋಚನೆ ಮಾಡಿ. ಇಷ್ಟನ್ನೂ ಎಷ್ಟು ಪ್ರೀತಿಯಿಂದ ಹೇಳಿದನೆಂದರೆ ಅತ್ತಿಗೆ ಅವನನ್ನು ಬಾಗಿಲವರೆಗೂ ಹೋಗಿ ಬೀಳ್ಕೊಟ್ಟಳು.

ಮರುದಿನ ಅಣ್ಣ ಬಂದು ನನಗೆ ಎಲ್ಲ ಹೇಳಿದ. ನನ್ನ ಕೈಯಲ್ಲಿ ಕತ್ತರಿ ಇತ್ತು, ಬೆಣ್ಣೆಯ ಪುಣ್ಯ, ಅವನು ಅಲ್ಲಿರಲಿಲ್ಲ. ಮುಚ್ಚುಮರೆಯಿಲ್ಲದೆ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡು, ಆ ಮನುಷ್ಯ ನನಗೆ ಏನೂ ಕಲಿಸಲಿಲ್ಲ ಅನ್ನು ಎಂದು ನಾನು ಕೂಗಾಡಿದೆ. ಅಣ್ಣ ಬೆಂಚಿನ ಮೇಲಿದ್ದ ಬಟ್ಟೆಯ ತುಂಡನ್ನು ಮಡಿಸುತ್ತ, ಬಿಚ್ಚುತ್ತ ಕೂತಿದ್ದ.

"ಕಲಿಸಲ್ಲ ಅಂತ ಅವರು ಅಂದಿಲ್ವಲ್ಲ ಕಣೇ," ಎಂದ. "ನಾನಿನ್ನೂ ತಯಾರಾಗಿಲ್ಲ ಅನ್ಸಿರಬೇಕು ಅವರಿಗೆ."

ಅಯ್ಯೋ ದೇವರೇ ಎಂದು ತಲೆ ಚಚ್ಚಿಕೊಂಡೆ. ಇಷ್ಟು ವರ್ಷವಾದ ಮೇಲೂ ಈ ಮನುಷ್ಯ ಇನ್ನೂ ಕಾಯುತ್ತಲೇ ಇದ್ದ. ಬೈಯಬೇಕೆಂದು ಬಾಯಿ ತೆರೆದವಳು ಅವನ ಮುಖ ನೋಡಿ ಮಿಷನ್ನಿಗೆ ದಾರ ಪೋಣಿಸತೊಡಗಿದೆ.

ವಿಚಾರಣೆ ನಡೆದದ್ದು ಆ ಗಾಜಿನ ಕೋಣೆಯಲ್ಲೇ. ನಡೆದದ್ದನ್ನು ಅಣ್ಣ ಆಮೇಲೆ ನನಗೆ ಮಾತು ಮಾತಾಗಿ ಹೇಳಿದ್ದಾನೆ. ಮೇಡಂಗೆ ಹೊರಗಿನಿಂದ ಒಂದು ಕುರ್ಚಿ ತಂದು ಹಾಕಿದರು. ಸಾಹೇಬ ತನ್ನ ಜಾಗದಲ್ಲಿ, ಅಣ್ಣ ತನ್ನ ಜಾಗದಲ್ಲಿ. ಸಾಹೇಬನ ಭಾಷೆಯನ್ನು ನಮ್ಮ ಭಾಷೆಗೆ ತಿರುಗಿಸಿ ಹೇಳಲು ನಡುವೆ ಬೆಣ್ಣೆ ನಿಂತ. ಮೇಡಂ ಸುತ್ತಿ ಬಳಸಿ ಮಾತಾಡಲಿಲ್ಲ. ಇವರಿಗೆ ನೀವು ಏನೇನು ಕಲಿಸಿದ್ದೀರಿ ಎಂದು ನೇರವಾಗಿ ಸಾಹೇಬನನ್ನೇ ಕೇಳಿದರು. ಸಾಹೇಬ ತನ್ನ ಭಾಷೆಯಲ್ಲಿ ಉತ್ತರ ಕೊಟ್ಟ. ಬೆಣ್ಣೆ ಅದನ್ನು ಒಂದಕ್ಷರ ಬಿಡದೆ ಹೇಳಿದ, ಬಹುಶಃ ಜೀವನದಲ್ಲಿ ಅವನು ಏನನ್ನೂ ಬೆರೆಸದೆ ಆಡಿದ ಮಾತು ಅದೊಂದೇ ಇರಬೇಕು.

"ಇವರು ತುಂಬ ಒಳ್ಳೆಯವರು ಅಂತಿದ್ದಾರೆ. ಆದರೆ ಇಷ್ಟು ವರ್ಷದಲ್ಲಿ ಒಂದೇ ಒಂದು ಪ್ರಶ್ನೆ ಕೇಳಿಲ್ಲವಂತೆ. ಇವರಿಗೆ ಆಸಕ್ತಿ ಇಲ್ಲ ಅಂದುಕೊಂಡರಂತೆ."

ಸಾಹೇಬ ಅದನ್ನು ಸುಳ್ಳು ಹೇಳುವವನ ಹಾಗೆ ಹೇಳಲಿಲ್ಲವಂತೆ. ನಿಜವಾಗಿಯೂ ಬೇಸರಪಟ್ಟುಕೊಂಡು ಹೇಳಿದನಂತೆ. ಅವನ ಊರಿನಲ್ಲಿ ಕಲಿಯಬೇಕೆನ್ನುವವನು ಕೇಳುತ್ತಾನೆ, ಕೇಳದವನಿಗೆ ಬೇಡ ಎಂದರ್ಥ. ನಮ್ಮ ಅಚ್ಚಿನ ಸಾಲಿನ ರೀತಿ ಅವನಿಗೇನು ಗೊತ್ತು. ಅದು ಗೊತ್ತಿದ್ದವನು ಬೆಣ್ಣೆ ಒಬ್ಬನೇ, ಯಾಕೆಂದರೆ ಅವನು ನಮ್ಮವನು. ಎಲ್ಲರನ್ನೂ ಬಿಟ್ಟು ತನ್ನ ಹೆಗಲ ಮೇಲೆ ಅವನು ಕೈಯಿಟ್ಟದ್ದು ಯಾಕೆ ಎಂದು ಅಣ್ಣನಿಗೆ ಆ ಗಳಿಗೆಯಲ್ಲಿ ಅರ್ಥವಾಯಿತಂತೆ. ಕೆಲಸಗಾರನೆಂದಲ್ಲ. ಸತ್ತರೂ ಬಾಯಿಬಿಟ್ಟು ಕೇಳದವನು ಎಂದು. ಕಂಪನಿ ಏನನ್ನೂ ಬಚ್ಚಿಡಬೇಕಾಗಿರಲಿಲ್ಲ, ಬಾಗಿಲಿಗೆ ಅಗುಳಿ ಹಾಕಬೇಕಾಗಿರಲಿಲ್ಲ. ಸರಿಯಾದ ಮನುಷ್ಯನನ್ನು ಸರಿಯಾದ ಕುರ್ಚಿಯಲ್ಲಿ ಕೂರಿಸಿದರೆ ಸಾಕಾಗಿತ್ತು.

ಮೇಡಂ ಅಣ್ಣನ ಕಡೆ ತಿರುಗಿ, ಇದು ನಿಜವೇ, ನೀವು ಏನನ್ನೂ ಕೇಳಲಿಲ್ಲವೇ ಎಂದರು. ಬೆಣ್ಣೆ ಮೇಡಂ ಬೆನ್ನ ಹಿಂದಿನಿಂದ, ಇನ್ನೂ ಸ್ವಲ್ಪ ಕಾಲ ಬೇಕು ಅನ್ನು ಎಂದು ಕಣ್ಣಲ್ಲೇ ಸನ್ನೆ ಮಾಡುತ್ತಿದ್ದ. ಅಣ್ಣ ಕುರ್ಚಿಯನ್ನು ಎಳೆದುಕೊಂಡು ಸಾಹೇಬನಿಗೆ ಮುಖ ಕೊಟ್ಟು ಕೂತ. ನಮ್ಮ ಭಾಷೆಯಲ್ಲೇ, ಬಿಡಿಸಿ ಬಿಡಿಸಿ ಕೇಳಿದ.

"ನಾನು ಕೇಳಿದ್ದಿದ್ರೆ, ನೀವು ಹೇಳಿಕೊಡ್ತಿದ್ರಾ?"

ಬೆಣ್ಣೆ ಅದನ್ನು ತಿರುಗಿಸಿ ಹೇಳಲು ಬಾಯಿ ತೆರೆದ. ಸಾಹೇಬ ಕೈಯೆತ್ತಿ ಅವನನ್ನು ತಡೆದ, ಅಷ್ಟು ನಮ್ಮ ಮಾತು ಅವನಿಗೆ ತಿಳಿಯುತ್ತಿತ್ತು. ಮೇಜಿನ ಮೇಲಿನ ಕಪ್ಪನ್ನು ಅತ್ತ ಸರಿಸಿದ, ಇತ್ತ ಸರಿಸಿದ. ಮುಖ ಕೆಂಪಾಗಿತ್ತಂತೆ. ಹೇಳಿಕೊಟ್ಟ ದಿನವೇ ತನ್ನ ಅನ್ನಕ್ಕೆ ಕಲ್ಲು ಬೀಳುತ್ತದೆ ಎಂದು ಅವನಿಗೆ ಗೊತ್ತಿರಲಿಲ್ಲವೇ? ಕಲಿಸಬೇಡ ಎಂದು ಕಂಪನಿಯೂ ಅವನಿಗೆ ಬಾಯಿಬಿಟ್ಟೇ ಹೇಳಿತ್ತೋ ಏನೋ. ಕೊನೆಗೆ ತಲೆಯೆತ್ತಿ ಅಣ್ಣನ ಮುಖವನ್ನೇ ನೋಡುತ್ತ, "ಇಲ್ಲ," ಎಂದ.

ಮೇಡಂ ಪೆನ್ನು ತೆಗೆದು ಬರೆದುಕೊಂಡರು. ಅದಕ್ಕಿಂತ ಹೆಚ್ಚಿನ ಸಾಕ್ಷಿ ಅವರಿಗೆ ಬೇಕಾಗಿರಲಿಲ್ಲ. ಹೊರದೇಶದವನು ಬರುವ ತಿಂಗಳು ಹೊರಡಬೇಕು, ಅಲ್ಲಿಯವರೆಗೆ ದಿನವೂ ಇವರಿಗೆ ಕಲಿಸಬೇಕು, ಆಮೇಲೆ ಹುದ್ದೆ ಇವರದು ಎಂದು ಅಲ್ಲೇ ಅಪ್ಪಣೆ ಕೊಟ್ಟು ಹೊರಟರು. ಅಣ್ಣ ಸಂಜೆ ನನ್ನ ಅಂಗಡಿಗೆ ಬಂದಾಗ ಕುಡಿದವನ ಹಾಗೆ ತೂರಾಡುತ್ತಿದ್ದ, ಒಂದು ಹನಿಯೂ ಮುಟ್ಟದ ಮನುಷ್ಯ. ಸಾಹೇಬ ಸುಳ್ಳು ಹೇಳಬಹುದಾಗಿತ್ತು ಕಣೇ, ಹೇಳಲಿಲ್ಲ ಎಂದ. ಅದನ್ನೇ ನಾಲ್ಕಾರು ಸಲ ಹೇಳಿದ. ಅವನಿಗೆ ಗೆದ್ದದ್ದಕ್ಕಿಂತ ಅದು ದೊಡ್ಡದಾಗಿತ್ತು. ನಾಳೆಯಿಂದ ಕೇಳುತ್ತೇನೆ, ಎಲ್ಲ ಕೇಳುತ್ತೇನೆ ಎಂದ.

ಬೆಳಿಗ್ಗೆ ಗೇಟು ತೆರೆಯುವ ಮೊದಲೇ ಬಂದು ನಿಂತಿದ್ದ. ಅಂಗಡಿಯ ಬಾಗಿಲು ತೆಗೆಯುತ್ತಿದ್ದ ನಾನೇ ನೋಡಿದೆ, ತುಟಿ ಆಡಿಸುತ್ತ, ಪರೀಕ್ಷೆಗೆ ಹೊರಟ ಹುಡುಗನ ಹಾಗೆ. ಮೇಲೆ ಹತ್ತಿ ಹೋದರೆ ಪರದೆಗಳು, ಫೋನು ಬಿಟ್ಟರೆ ಸಾಹೇಬನ ಮೇಜು ಖಾಲಿ. ಕಡತವಿಲ್ಲ, ಕಪ್ಪಿಲ್ಲ, ಗೂಟದಲ್ಲಿ ಕೋಟಿಲ್ಲ. ವಿಚಾರಣೆ ಮುಗಿದ ಸಂಜೆಯೇ ಬೆಣ್ಣೆ ಅವನಿಗೆ ಬಾಕಿಯಿದ್ದ ರಜೆಯನ್ನೆಲ್ಲ ಕೊಟ್ಟು ವಿಮಾನ ಹತ್ತಿಸಿ ಕಳಿಸಿಬಿಟ್ಟಿದ್ದ. ಮೇಡಂ ಹೇಳಿದ್ದಕ್ಕಿಂತ ಬೇಗನೇ ಕಳಿಸಿದ್ದೇವೆ, ನೋಡಿ ನಮ್ಮ ವಿಧೇಯತೆ ಎಂದು ಇಲಾಖೆಗೆ ತಿಳಿಸಿಯೂ ಆಗಿತ್ತು. ಹೇಳಿಕೊಡುವವನೇ ದೇಶದಲ್ಲಿಲ್ಲದ ಮೇಲೆ ಮೇಡಂ ಯಾರಿಗೆ ತಾನೇ ಕಲಿಸು ಎಂದು ಹೇಳಿಯಾರು.

ಪೇಂಟರು ಮತ್ತೆ ಬಂದ. ಕುಲುಮೆ ತಜ್ಞ ಎಂದು ಬರೆದು ಕೆಳಗೆ ಅಣ್ಣನ ಹೆಸರು ಬರೆದ. ಅತ್ತಿಗೆ ಬೀದಿಗೆಲ್ಲ ಸಿಹಿ ಹಂಚಿದಳು. ಕಂಪನಿಯವರು ಅಣ್ಣನನ್ನು ಪರದೆಗಳ ಮುಂದೆ ನಿಲ್ಲಿಸಿ ಫೋಟೊ ತೆಗೆದು, ನಮ್ಮಲ್ಲಿ ಈ ದೇಶದವರಿಗೇ ಮೊದಲ ಜಾಗ ಎಂದು ಪತ್ರಿಕೆಯಲ್ಲಿ ಹಾಕಿಸಿದರು. ಆಮೇಲೆ ಪರದೆಗಳಿಗೆ ಒಂದು ಹೊಸ ತಂತಿ ಜೋಡಿಸಿದರು. ಈಗ ಕುಲುಮೆಯನ್ನು ಅವರ ದೇಶದ ಕಚೇರಿಯಲ್ಲಿ ಕೂತವರು ಅಲ್ಲಿಂದಲೇ ನಡೆಸುತ್ತಾರೆ. ಅಂಕಿಗಳು ತಾವೇ ಏರುತ್ತವೆ, ತಾವೇ ಇಳಿಯುತ್ತವೆ. ಗುಂಡಿಗಳಿಗೆ ಬೀಗದ ಮುಚ್ಚಳ. ಇಲ್ಲಿ ಹೊರದೇಶದವನು ಒಬ್ಬನೂ ಇಲ್ಲ, ಹಾಗಾಗಿ ಪಕ್ಕದಲ್ಲಿ ಯಾರನ್ನೂ ಕೂರಿಸುವ ಅಗತ್ಯವಿಲ್ಲ, ನಿಯಮಕ್ಕೆ ಎಲ್ಲಿಯೂ ಕುಂದಿಲ್ಲ. ಮೇಡಂ ಇನ್ನೊಂದು ಸಲ ಬಂದು, ನೋಡಿ, ಬರೆಯಲು ತೆಗೆದ ಪೆನ್ನನ್ನು ಹಾಗೆಯೇ ಮುಚ್ಚಿಕೊಂಡು ಹೋದರಂತೆ.

ಕಳೆದ ವಾರ ಹೊಲಿದ ಅಂಗಿಗಳನ್ನು ತಲುಪಿಸಲು ಹೋದವಳು ಮೇಲೆ ಹತ್ತಿದೆ. ಅಣ್ಣ ತನ್ನ ಹಳೆಯ ಕುರ್ಚಿಯಲ್ಲೇ ಕೂತಿದ್ದ. ಸಾಹೇಬನ ಕುರ್ಚಿ ಹಾಗೆಯೇ ಇತ್ತು. ಅದು ನಿನ್ನದಲ್ಲವೇನೋ, ಅಲ್ಲಿ ಕೂರುವುದಕ್ಕೇನು ಧಾಡಿ ಎಂದು ಗದರಿದೆ. ಅವನು ಏಳಲಿಲ್ಲ. ನನಗೆ ಸಿಟ್ಟು ಬಂತು, ಯಾರ ಮೇಲೆ ಎಂದು ಕೇಳಬೇಡಿ. ಆ ದಿನ ಬೆಳಿಗ್ಗೆ ಅಷ್ಟು ಪಾಠ ಮಾಡಿಕೊಂಡು ಬಂದಿದ್ದೆಯಲ್ಲ, ಅವನು ಸಿಕ್ಕಿದ್ದಿದ್ದರೆ ಕುಲುಮೆಯ ವಿಷಯ ಮೊದಲು ಏನು ಕೇಳುತ್ತಿದ್ದೆ, ಅದನ್ನಾದರೂ ಹೇಳು ಎಂದೆ.

ಅಣ್ಣ ಪಕ್ಕದ ಖಾಲಿ ಕುರ್ಚಿಯನ್ನು ನೋಡಿದ.

"ಕುಲುಮೆ ವಿಷಯ ಆಮೇಲೆ ಕೇಳೋಣ ಅಂತಿದ್ದೆ ಕಣೇ," ಎಂದ. "ಮೊದಲು, ನಿಮಗೆ ಮಕ್ಕಳು ಎಷ್ಟು ಅಂತ ಕೇಳಬೇಕು ಅಂತಿದ್ದೆ. ಅದೂ ಗೊತ್ತಿಲ್ಲ ನಂಗೆ."

ನನಗೆ ಅಲ್ಲೇ ಅಳು ಬಂತು.